ಎಂಬತ್ತು ಸೆಕೆಂಡ್‌ಗಳ ವಿಮಾನ: ಎಫ್-117 ಕಟ್ಟಿದ ಬಗೆ, ಬಿದ್ದ ಬಗೆ

ರಾಡಾರ್‌ಗೆ ಕಾಣದ ವಿಮಾನ ಎಂದು ಪತ್ರಿಕೆಗಳು ಮೂರೂವರೆ ದಶಕದಿಂದ ಬರೆಯುತ್ತ ಬಂದಿವೆ. ಅಂಥದ್ದನ್ನು ಇನ್ನೂ ಯಾರೂ ಕಟ್ಟಿಲ್ಲ. ರಾಡಾರ್‌ಗೆ ಆದಷ್ಟು ಕಡಿಮೆ ಕಾಣಲೆಂದು ಕಟ್ಟಿದ ಸ್ಟೆಲ್ತ್ ವಿಮಾನಗಳೆಲ್ಲವೂ ರಾಡಾರ್‌ಗೆ ಕಾಣುತ್ತವೆ. ಎಷ್ಟು ದೂರದಲ್ಲಿ, ಯಾವ ದಿಕ್ಕಿನಿಂದ, ಎಷ್ಟು ಉದ್ದದ ಅಲೆಗೆ ಎಂದು ಕೇಳಬೇಕು. ಈ ಮೂರನ್ನು ಕೇಳದೆ ಆಡಿದ ಹೊಗಳಿಕೆಗೂ ಬೆಲೆಯಿಲ್ಲ, ತೆಗಳಿಕೆಗೂ ಬೆಲೆಯಿಲ್ಲ. 1991ರಲ್ಲಿ ಬಾಗ್ದಾದ್ ಮೇಲೆ ಹಾರಿದ ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನವನ್ನು ಮಾಯಾವಿಮಾನ ಎಂದವರಿದ್ದಾರೆ. 1999ರಲ್ಲಿ ಅದೇ ವಿಮಾನ ಸರ್ಬಿಯಾದ ಹೊಲಕ್ಕೆ ಬಿದ್ದಾಗ ಸ್ಟೆಲ್ತ್ ಎಂಬುದೇ ಬುರುಡೆ ಎಂದವರೂ ಇದ್ದಾರೆ. ಇಬ್ಬರೂ ಲೆಕ್ಕ ಬಿಟ್ಟು ಮಾತಾಡಿದವರು. ಆದ್ದರಿಂದ ಮೊದಲು ಲೆಕ್ಕ.

ರಾಡಾರ್ ಕಳಿಸಿದ ಅಲೆ ವಿಮಾನದತ್ತ ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣವಾಗುತ್ತದೆ. ತಾಗಿ ಮರಳುವಾಗ ಮತ್ತೆ ಅಷ್ಟೇ ಕ್ಷೀಣವಾಗುತ್ತದೆ. ಹೋಗಿ ಬರುವ ನಷ್ಟ ಸೇರಿದರೆ ದೂರದ ನಾಲ್ಕನೇ ಘಾತ. ರಾಡಾರ್‌ನ ಕಣ್ಣಿಗೆ ವಿಮಾನ ಎಷ್ಟು ಚದರ ಮೀಟರ್‌ನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆಗೆ ಆರ್‌ಸಿಎಸ್ ಎನ್ನುತ್ತಾರೆ. ರಾಡಾರ್ ನೋಡಬಲ್ಲ ದೂರ ಈ ಆರ್‌ಸಿಎಸ್‌ನ ನಾಲ್ಕನೇ ಮೂಲಕ್ಕೆ ತಕ್ಕಂತೆ ಇರುತ್ತದೆ. 10 ಚದರ ಮೀಟರ್ ಆರ್‌ಸಿಎಸ್ ಇರುವ ಯುದ್ಧವಿಮಾನವನ್ನು 200 ಕಿ.ಮೀ. ದೂರದಲ್ಲಿ ಹಿಡಿಯುವ ಒಂದು ರಾಡಾರ್ ಇದೆ ಎಂದುಕೊಳ್ಳಿ. ವಿಮಾನದ ಆರ್‌ಸಿಎಸ್ ಅನ್ನು ಹತ್ತು ಪಟ್ಟು ತಗ್ಗಿಸಿದರೆ ಆ ರಾಡಾರ್ ನೋಡುವ ದೂರ 112 ಕಿ.ಮೀ.ಗೆ ಮಾತ್ರ ಇಳಿಯುತ್ತದೆ. ನೂರು ಪಟ್ಟು ತಗ್ಗಿಸಿದರೆ 63. ಹತ್ತು ಸಾವಿರ ಪಟ್ಟು ತಗ್ಗಿಸಿ 0.001 ಚದರ ಮೀಟರ್‌ಗೆ ತಂದಾಗ 20 ಕಿ.ಮೀ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತವೆ. ಅಲ್ಲಿ ಇಲ್ಲಿ ಬಣ್ಣ ಬಳಿದು, ಮೂಲೆ ತಿದ್ದಿ ಆರ್‌ಸಿಎಸ್ ಅನ್ನು ಅರ್ಧ ಮಾಡಿದರೆ ಏನೂ ದಕ್ಕುವುದಿಲ್ಲ. ವಿಮಾನವನ್ನು ಮೊದಲ ಗೆರೆಯಿಂದಲೇ ಬೇರೆ ರೀತಿ ಬರೆಯಬೇಕು. ಇನ್ನೊಂದು, ಹತ್ತು ಸಾವಿರ ಪಟ್ಟು ಗೆದ್ದ ಮೇಲೂ ರಾಡಾರ್ ಸುತ್ತ 20 ಕಿ.ಮೀ. ತ್ರಿಜ್ಯದ ಒಂದು ವೃತ್ತ ಉಳಿದೇ ಇರುತ್ತದೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಮಾಮೂಲಿ ಆಕಾರದ್ದಾದರೆ, ಕಂಡ ಗಳಿಗೆಯಿಂದ ತಲೆಯ ಮೇಲೆ ಬರುವ ತನಕ ಕೆಳಗಿನವರಿಗೆ 13 ನಿಮಿಷ ಸಿಗುತ್ತದೆ. ಸ್ಟೆಲ್ತ್ ಆದರೆ ಸಿಗುವುದು 80 ಸೆಕೆಂಡ್. ಆ 80 ಸೆಕೆಂಡ್‌ನಲ್ಲಿ ನೋಡಬೇಕು, ಹೌದೋ ಅಲ್ಲವೋ ತೀರ್ಮಾನಿಸಬೇಕು, ಗುರಿಹಿಡಿಯುವ ರಾಡಾರ್ ತಿರುಗಿಸಬೇಕು, ಕ್ಷಿಪಣಿ ಬಿಡಬೇಕು, ಕ್ಷಿಪಣಿ ಹೋಗಿ ಮುಟ್ಟಬೇಕು. ಜತೆಗೆ, 150 ಕಿ.ಮೀ. ಅಂತರದಲ್ಲಿರುವ ಎರಡು ರಾಡಾರ್‌ಗಳ ವೃತ್ತಗಳು ಮೊದಲು ಒಂದರ ಮೇಲೊಂದು ಹರಡಿ ಗೋಡೆಯಾಗಿದ್ದವು. ಈಗ ಅವುಗಳ ನಡುವೆ 110 ಕಿ.ಮೀ. ಅಗಲದ ಬಯಲು. ಎಫ್-117ರ ಇಡೀ ಯುದ್ಧ ನಡೆದದ್ದು ಆ ಬಯಲಿನಲ್ಲಿ.

ಹತ್ತು ಸಾವಿರ ಪಟ್ಟು ತಗ್ಗಿಸುವ ದಾರಿ ತೋರಿಸಿದ್ದು ಮಾಸ್ಕೋದಲ್ಲಿ ಅಚ್ಚಾದ ಒಂದು ಗ್ರಂಥ. ಪ್ಯೋತರ್ ಉಫಿಮ್ತ್ಸೆವ್ ಎಂಬ ಭೌತವಿಜ್ಞಾನಿ 1962ರಲ್ಲಿ, ವಸ್ತುವಿನ ಅಂಚುಗಳಿಗೆ ತಾಗಿದ ವಿದ್ಯುತ್ಕಾಂತೀಯ ಅಲೆ ಹೇಗೆ ಚದುರುತ್ತದೆ ಎಂಬುದರ ಗಣಿತವನ್ನು ಪ್ರಕಟಿಸಿದರು. ಸೋವಿಯತ್ ಸೇನೆಗೆ ಅದರಲ್ಲಿ ಕಾಪಾಡಬೇಕಾದ ಗುಟ್ಟು ಕಾಣಲಿಲ್ಲ, ಅಚ್ಚಿಗೆ ಬಿಟ್ಟಿತು. ಅಮೆರಿಕದ ವಾಯುಸೇನೆ 1971ರಲ್ಲಿ ಅದನ್ನು ಇಂಗ್ಲಿಷಿಗೆ ತರಿಸಿತು. ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ನ ಸ್ಕಂಕ್ ವರ್ಕ್ಸ್ ವಿಭಾಗದಲ್ಲಿ ಡೆನಿಸ್ ಓವರ್‌ಹೋಲ್ಸರ್ ಅದನ್ನು ಓದಿ, ಗಣಿತಜ್ಞ ಬಿಲ್ ಶ್ರೋಡರ್ ನೆರವಿನಿಂದ 1975ರಲ್ಲಿ ಎಕೋ-1 ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಬಾಗಿದ ಮೈ ಒಂದು ಅಲೆಯನ್ನು ಯಾವ ಯಾವ ದಿಕ್ಕಿಗೆ ಎಷ್ಟೆಷ್ಟು ಎಸೆಯುತ್ತದೆ ಎಂದು ಲೆಕ್ಕ ಹಾಕುವ ಶಕ್ತಿ ಅಂದಿನ ಕಂಪ್ಯೂಟರ್‌ಗಳಿಗೆ ಇರಲಿಲ್ಲ. ಅದಕ್ಕೆ ಅವರು ಇಡೀ ವಿಮಾನವನ್ನು ಚಪ್ಪಟೆ ಫಲಕಗಳಾಗಿ ಒಡೆದರು. ಒಂದೊಂದು ಫಲಕದ ಪ್ರತಿಫಲನವನ್ನು ಬೇರೆ ಬೇರೆ ಲೆಕ್ಕ ಹಾಕಿ, ಅಂಚುಗಳ ಪಾಲನ್ನು ಉಫಿಮ್ತ್ಸೆವ್ ಗಣಿತದಿಂದ ಕೂಡಿಸಿದರು. ಎಫ್-117 ವಜ್ರದ ಹಾಗೆ ಮುಖಮುಖವಾಗಿ ಕೊರೆದಂತೆ ಇರುವುದು ಈ ಕಾರಣಕ್ಕೆ. ಹತ್ತು ವರ್ಷದ ನಂತರ ಕಂಪ್ಯೂಟರ್ ಬಲಿತಾಗ ನಾರ್ತ್‌ರಾಪ್ ಕಂಪನಿ ಬಿ-2 ಬಾಂಬರನ್ನು ಬಾಗಿದ ಮೈಯಲ್ಲೇ ಕಟ್ಟಿತು. ಅದರಲ್ಲಿ ಈ ಫಲಕಗಳಿಲ್ಲ.

ಕತ್ತಲ ಕೋಣೆಯಲ್ಲಿ ಗೋಡೆಗೆ ಓರೆಯಾಗಿ ನಿಲ್ಲಿಸಿದ ಕನ್ನಡಿಗೆ ಟಾರ್ಚ್ ಬಿಟ್ಟರೆ ಬೆಳಕು ಬೇರೆಲ್ಲೋ ಬೀಳುತ್ತದೆ, ಟಾರ್ಚ್ ಹಿಡಿದವನಿಗೆ ಕನ್ನಡಿ ಕಪ್ಪಾಗಿ ಕಾಣುತ್ತದೆ. ಫಲಕಗಳ ಕೆಲಸವೂ ಇದೇ. ಅಲೆಯನ್ನು ನುಂಗುವುದು ಆಮೇಲಿನ ಮಾತು. ಮೊದಲು ಅದನ್ನು ಕಳಿಸಿದವನ ಕಡೆಗೆ ಮರಳದಂತೆ ಬೇರೆ ದಿಕ್ಕಿಗೆ ದಬ್ಬಬೇಕು. ರೆಕ್ಕೆಯ ಮುಂಚೂಣಿಯನ್ನು 67.5 ಡಿಗ್ರಿ ಹಿಂದಕ್ಕೆ ಓರೆ ಮಾಡಿದ್ದೂ ಎದುರಿನಿಂದ ಬಂದ ಅಲೆ ಪಕ್ಕಕ್ಕೆ ಸಿಡಿಯಲಿ ಎಂದು. ಬಾಗಿಲುಗಳ, ಪೈಲಟ್ ಮೇಲಿನ ಗಾಜಿನ ಅಂಚುಗಳನ್ನು ಗರಗಸದ ಹಲ್ಲಿನಂತೆ ಕತ್ತರಿಸಿದ್ದೂ ಅದಕ್ಕೇ. ಹೀಗೆ ಮಾಡಿದಾಗ ಪ್ರತಿಫಲನ ಇಲ್ಲವಾಗುವುದಿಲ್ಲ. ಕೆಲವೇ ಕಿರಿದಾದ ದಿಕ್ಕುಗಳಲ್ಲಿ ತೀಕ್ಷ್ಣವಾಗಿ ಸೇರಿಕೊಳ್ಳುತ್ತದೆ. ವಿಮಾನ ಮುಂದೆ ಸಾಗುತ್ತಿದ್ದಂತೆ ಅಂಥ ಒಂದು ಮಿಂಚು ಯಾವುದೋ ರಾಡಾರ್ ಮೇಲೆ ಕ್ಷಣಕಾಲ ಹಾದುಹೋಗುತ್ತದೆ. ಒಂದು ಸುತ್ತಿನಲ್ಲಿ ಕಂಡ ಚುಕ್ಕೆ ಮುಂದಿನ ಸುತ್ತಿನಲ್ಲಿ ಇರುವುದಿಲ್ಲ. ಆಪರೇಟರ್ ಅದನ್ನು ಹುಸಿ ಚುಕ್ಕೆಯೆಂದು ತಳ್ಳಿಹಾಕುತ್ತಾನೆ.

ಈ ಆಕಾರಕ್ಕೆ ತೆತ್ತ ಬೆಲೆಯೂ ದೊಡ್ಡದು. ಹಾರಾಟದ ದೃಷ್ಟಿಯಿಂದ ನೋಡಿದರೆ ಅದು ಕೆಟ್ಟ ವಿಮಾನ. ತಾನಾಗಿ ನೇರ ಹಾರುವ ಸ್ಥಿರತೆ ಅದಕ್ಕಿಲ್ಲ. ಎಫ್-16ರಿಂದ ತಂದ ನಾಲ್ಕು ಪಟ್ಟು ಭದ್ರತೆಯ ಫ್ಲೈ-ಬೈ-ವೈರ್ (ಪೈಲಟ್‌ನ ಆಜ್ಞೆಯನ್ನು ವಿದ್ಯುತ್ ತಂತಿಯ ಮೂಲಕ ಒಯ್ಯುವ) ಕಂಪ್ಯೂಟರ್ ಪ್ರತಿ ಕ್ಷಣವೂ ತಿದ್ದುತ್ತಿದ್ದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ. ಶಬ್ದದ ವೇಗ ದಾಟುವುದಿಲ್ಲ, ಬಂದೂಕಿಲ್ಲ, ಸ್ವಂತ ರಾಡಾರ್ ಇಲ್ಲ. ರಾಡಾರ್ ಹಾಕಿದರೆ ಆ ಸೂಸುವಿಕೆಯೇ ತನ್ನನ್ನು ಹಿಡಿದುಕೊಡುತ್ತದೆ. ಎಫ್/ಎ-18ರ ಎಫ್404 ಎಂಜಿನ್ ಎರಡನ್ನು ಹೆಚ್ಚುವರಿ ಇಂಧನ ಸುಟ್ಟು ವೇಗ ಕೊಡುವ ಆಫ್ಟರ್‌ಬರ್ನರ್ ತೆಗೆದು ಕೂರಿಸಿದರು. ಹಾರಾಟದ ಕಂಪ್ಯೂಟರ್, ಎಂಜಿನ್, ಕಾಕ್‌ಪಿಟ್‌ನ ಪರದೆಗಳು, ದಿಕ್ಸೂಚಿ ವ್ಯವಸ್ಥೆ ಎಲ್ಲ ಬೇರೆ ವಿಮಾನಗಳದ್ದೇ. ಹೊಸತನವನ್ನೆಲ್ಲ ಮೈಯಾಕಾರಕ್ಕೆ ಮೀಸಲಿಟ್ಟು ಉಳಿದದ್ದನ್ನು ಪಳಗಿದ ಬಿಡಿಭಾಗಗಳಿಂದ ಜೋಡಿಸಿದ ಈ ತೀರ್ಮಾನ ನನಗೆ ಇಡೀ ಯೋಜನೆಯಲ್ಲಿ ಅತ್ಯಂತ ಜಾಣ ಕೆಲಸ ಎನಿಸುತ್ತದೆ. 1978ರ ನವೆಂಬರ್‌ನಲ್ಲಿ ಗುತ್ತಿಗೆಯಾಯಿತು. 1981ರ ಜೂನ್ 18ರಂದು ಹಾಲ್ ಫಾರ್ಲಿ ಮೊದಲ ವಿಮಾನವನ್ನು ನೆವಾಡಾದ ಗ್ರೂಮ್ ಲೇಕ್‌ನಲ್ಲಿ ಮೇಲೆತ್ತಿದರು. ಎರಡೂವರೆ ವರ್ಷದ ಲೆಕ್ಕ ಅದು.

ಅದಕ್ಕೂ ಮೊದಲು ಹ್ಯಾವ್ ಬ್ಲೂ ಎಂಬ ಎರಡು ಸಣ್ಣ ಪ್ರಯೋಗ ವಿಮಾನಗಳಿದ್ದವು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಬಯಲಿನಲ್ಲಿ ಲಾಕ್‌ಹೀಡ್ ಮತ್ತು ನಾರ್ತ್‌ರಾಪ್ ತಮ್ಮ ಮಾದರಿಗಳನ್ನು ಕಂಬದ ತುದಿಗೇರಿಸಿ ರಾಡಾರ್ ಬಿಟ್ಟು ಸ್ಪರ್ಧಿಸಿದವು. 1976ರಲ್ಲಿ ಲಾಕ್‌ಹೀಡ್ ಗೆದ್ದಿತು. ಅಲ್ಲಿ ಎದುರಾದ ತೊಡಕು ವಿಚಿತ್ರ: ಮಾದರಿಗಿಂತ ಅದನ್ನು ಹೊತ್ತ ಕಂಬವೇ ರಾಡಾರ್‌ನಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಅಳೆಯುವ ಸಲುವಾಗಿಯೇ ಕಡಿಮೆ ಕಾಣುವ ಹೊಸ ಕಂಬ ಕಟ್ಟಬೇಕಾಯಿತು. 1977ರ ಡಿಸೆಂಬರ್ 1ರಂದು ಬಿಲ್ ಪಾರ್ಕ್ ಮೊದಲ ಹ್ಯಾವ್ ಬ್ಲೂ ಹಾರಿಸಿದರು. 1978ರ ಮೇ 4ರಂದು ಇಳಿಯುವಾಗ ಚಕ್ರ ಬಲವಾಗಿ ನೆಲಕ್ಕೆ ಬಡಿದು ಒಂದು ಲ್ಯಾಂಡಿಂಗ್ ಗೇರ್ ಸಿಕ್ಕಿಕೊಂಡಿತು. ಪಾರ್ಕ್ ಮತ್ತೆ ಮೇಲೇರಿ, ಅದನ್ನು ಬಿಡಿಸಲು ನೋಡಿ, ಇಂಧನ ಮುಗಿದಾಗ ಜಿಗಿದರು. ಪೆಟ್ಟು ಎಷ್ಟಿತ್ತೆಂದರೆ ಅವರು ಮತ್ತೆ ಪರೀಕ್ಷಾ ಪೈಲಟ್ ಆಗಲಿಲ್ಲ. ಎರಡನೆಯ ವಿಮಾನ 1979ರ ಜುಲೈನಲ್ಲಿ ಹೈಡ್ರಾಲಿಕ್ ಎಣ್ಣೆ ಸೋರಿ ಬೆಂಕಿ ಹತ್ತಿ ಹೋಯಿತು. ಆದರೆ ಹೋಗುವ ಮೊದಲು ಅದು ನಿಜವಾದ ರಾಡಾರ್‌ಗಳ ಎದುರು ಸಾಕಷ್ಟು ಹಾರಿ, ಕಾಗದದ ಲೆಕ್ಕ ಆಕಾಶದಲ್ಲೂ ನಿಲ್ಲುತ್ತದೆ ಎಂದು ತೋರಿಸಿತ್ತು.

ಆ ಹಾರಾಟಗಳಲ್ಲಿ ನಡೆದ ಒಂದು ಘಟನೆಯನ್ನು ಸ್ಕಂಕ್ ವರ್ಕ್ಸ್‌ನ ಮುಖ್ಯಸ್ಥರಾಗಿದ್ದ ಬೆನ್ ರಿಚ್ ಹೇಳಿಕೊಂಡಿದ್ದಾರೆ. ಒಂದು ದಿನ ಹ್ಯಾವ್ ಬ್ಲೂ ಇದ್ದಕ್ಕಿದ್ದಂತೆ 80 ಕಿ.ಮೀ. ದೂರದಿಂದಲೇ ರಾಡಾರ್‌ಗೆ ಸ್ಪಷ್ಟವಾಗಿ ಕಾಣತೊಡಗಿತು. ಇಳಿಸಿ ಮೈಯನ್ನೆಲ್ಲ ತಡವಿ ನೋಡಿದರೆ ಮೂರು ಸ್ಕ್ರೂಗಳು ಪೂರ್ತಿ ಬಿಗಿಯಾಗಿರಲಿಲ್ಲ. ಅವುಗಳ ತಲೆ ಮೇಲ್ಮೈಗಿಂತ ಮೂರು ಮಿಲಿಮೀಟರ್‌ಗಿಂತಲೂ ಕಡಿಮೆ ಎದ್ದಿತ್ತು. ಮಾಮೂಲಿ ವಿಮಾನದಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 10 ಚದರ ಮೀಟರ್‌ಗೆ ಒಂದು ಸ್ಕ್ರೂ ಸೇರಿದರೆ 10 ಚದರ ಮೀಟರೇ. 0.001ಕ್ಕೆ ಸೇರಿದರೆ ಆ ಸ್ಕ್ರೂವೇ ವಿಮಾನ. ಸ್ಟೆಲ್ತ್ ವಿಮಾನದ ಖರ್ಚು, ಅದರ ಮೆಕ್ಯಾನಿಕ್‌ಗಳ ದುಡಿಮೆ, ಅದು ಹಾರದೆ ನಿಂತಿರುವ ದಿನಗಳು ಎಲ್ಲವನ್ನೂ ಈ ಒಂದು ಲೆಕ್ಕವೇ ವಿವರಿಸುತ್ತದೆ.

ಹಾಗಾಗಿ ಎಫ್-117ರಲ್ಲಿ ತೂತು, ಸಂದು, ಚಾಚಿದ ತುದಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಬಗೆಹರಿಸಬೇಕಾಯಿತು. ಎಂಜಿನ್‌ಗೆ ಗಾಳಿ ಎಳೆಯುವ ಬಾಯಿಯೊಳಗೆ ತಿರುಗುವ ಫ್ಯಾನ್ ಬ್ಲೇಡ್‌ಗಳು ರಾಡಾರ್ ಅಲೆಯನ್ನು ಜೋರಾಗಿ ಮರಳಿಸುತ್ತವೆ. ಅದಕ್ಕೆ ಬಾಯಿಗೇ ಜಾಲರಿ ಹೊದಿಸಿದರು. ಜಾಲರಿಯ ಕಣ್ಣು ಸುಮಾರು 1.5 ಸೆಂಟಿಮೀಟರ್. ಗುರಿಹಿಡಿಯುವ ರಾಡಾರ್‌ಗಳ ಅಲೆ ಸುಮಾರು 3 ಸೆಂಟಿಮೀಟರ್ ಉದ್ದ. ಅದು ಇಷ್ಟು ಸಣ್ಣ ಕಣ್ಣಿನೊಳಗೆ ನುಗ್ಗಲಾರದೆ, ಜಾಲರಿಯನ್ನು ಮುಚ್ಚಿದ ತಗಡೆಂದೇ ತಿಳಿದು ಓರೆಯಾಗಿ ಸಿಡಿಯುತ್ತದೆ. ಆದರೆ ಜಾಲರಿಯಿಂದ ಗಾಳಿ ಕಡಿಮೆಯಾಗುತ್ತದೆ, ಟೇಕಾಫ್ ವೇಳೆ ಸಾಲುವುದಿಲ್ಲ. ಅದಕ್ಕೆ ಮೇಲ್ಭಾಗದಲ್ಲಿ ತೆರೆದುಕೊಳ್ಳುವ ಹೆಚ್ಚುವರಿ ಬಾಗಿಲುಗಳು ಬಂದವು. ಎತ್ತರದಲ್ಲಿ ಜಾಲರಿಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುವ ಭಯ. ಅದಕ್ಕೆ ಬಿಸಿ ಮಾಡುವ ವ್ಯವಸ್ಥೆ ಬಂತು. ಒಂದು ಪರಿಹಾರ ಮುಂದಿನ ತೊಂದರೆಯನ್ನು ಕೈಹಿಡಿದು ಕರೆತರುವ ಈ ಸರಪಳಿ ವಿಮಾನದುದ್ದಕ್ಕೂ ಇದೆ.

ಹಿಂಭಾಗದಲ್ಲಿ ಬಿಸಿಗಾಳಿ ಹೊರಬರುವ ಜಾಗವನ್ನು ಸುಮಾರು ಒಂದೂವರೆ ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಚಪ್ಪಟೆ ಸೀಳಾಗಿ ಮಾಡಿದರು. ದುಂಡನೆಯ ಕೊಳವೆ ಬಿಸಿಗೆ ಎಲ್ಲ ಕಡೆ ಸಮನಾಗಿ ಹಿಗ್ಗುತ್ತದೆ. ಚಪ್ಪಟೆ ಸೀಳು ಸೊಟ್ಟಗಾಗುತ್ತದೆ. ಎಂಜಿನಿಯರ್‌ಗಳನ್ನು ಬಹಳ ಕಾಡಿದ ಭಾಗಗಳಲ್ಲಿ ಇದೊಂದು. ಸೀಳಿನ ಕೆಳತುಟಿಯನ್ನು ಹಿಂದಕ್ಕೆ ಚಾಚಿ ಶಾಖ ತಡೆಯುವ ಟೈಲ್ಸ್ ಹಾಕಿದ್ದರಿಂದ ಕೆಳಗಿನಿಂದ ನೋಡುವ ಇನ್‌ಫ್ರಾರೆಡ್ ಸಾಧನಕ್ಕೆ ಒಳಗಿನ ಕೆಂಪು ಬಿಸಿ ಕಾಣದು. ಕಾಕ್‌ಪಿಟ್ ಗಾಜಿಗೆ ಚಿನ್ನದ ತೆಳು ಲೇಪ ಕೊಟ್ಟರು. ಇಲ್ಲದಿದ್ದರೆ ಅಲೆ ಗಾಜಿನೊಳಗೆ ಹೊಕ್ಕು, ಪೈಲಟ್‌ನ ಹೆಲ್ಮೆಟ್ ಒಂದೇ ಇಡೀ ವಿಮಾನಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಮೈಗೆ ರಾಡಾರ್ ಅಲೆ ಹೀರುವ ವಸ್ತುವಿನ ಹಾಳೆಗಳನ್ನು ಅಂಟಿಸಿದ್ದರು. ಒಳಗಿನ ಯಾವುದೋ ಪೆಟ್ಟಿಗೆ ಕೆಟ್ಟರೆ ಹಾಳೆ ಕಿತ್ತು, ಪ್ಯಾನೆಲ್ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಹಾಳೆ ಅಂಟಿಸಿ, ಸಂದು ತುಂಬಿ, ಅದು ಒಣಗುವ ತನಕ ಕಾಯಬೇಕು. ಹತ್ತು ನಿಮಿಷದ ರಿಪೇರಿಗೆ ಇಡೀ ಪಾಳಿ ಹೋಗುವುದು ಹೀಗೆ.

ತಪ್ಪುಗಳಿಗೂ ಇಲ್ಲಿ ಕ್ಷಮೆ ಕಡಿಮೆ. 1982ರ ಏಪ್ರಿಲ್ 20ರಂದು ಮೊದಲ ಉತ್ಪಾದನಾ ವಿಮಾನ ನೆಲ ಬಿಟ್ಟ ಕೂಡಲೇ ಉರುಳಿತು. ಮೂಗು ಏಳುವುದನ್ನು ಅಳೆಯುವ ಗೈರೋ ಮತ್ತು ಪಕ್ಕಕ್ಕೆ ತಿರುಗುವುದನ್ನು ಅಳೆಯುವ ಗೈರೋ ಎರಡರ ತಂತಿ ಅದಲುಬದಲಾಗಿತ್ತು. ಕಂಪ್ಯೂಟರ್ ತಿದ್ದಿದ್ದೆಲ್ಲ ತಪ್ಪು ದಿಕ್ಕಿಗೆ. ಪೈಲಟ್ ತೀವ್ರ ಗಾಯಗಳೊಂದಿಗೆ ಉಳಿದರು. 1997ರ ಸೆಪ್ಟೆಂಬರ್ 14ರಂದು ಬಾಲ್ಟಿಮೋರ್ ಬಳಿಯ ಪ್ರದರ್ಶನದಲ್ಲಿ ಜನರ ಕಣ್ಣೆದುರೇ ಒಂದು ಎಫ್-117ರ ಎಡರೆಕ್ಕೆ ನಡುಗಿ ಮುರಿಯಿತು. ರೆಕ್ಕೆಯ ಹಿಂಚೂಣಿಯನ್ನು ಆಡಿಸುವ ಹೈಡ್ರಾಲಿಕ್ ಸಾಧನವನ್ನು ಹಿಡಿದಿಡುವ ಐದು ಫಾಸ್ಟನರ್‌ಗಳಲ್ಲಿ ನಾಲ್ಕು ಹಿಂದಿನ ನಿರ್ವಹಣೆಯ ನಂತರ ಮರಳಿ ಕೂತಿರಲೇ ಇಲ್ಲ. ಪೈಲಟ್ ಹೊರಜಿಗಿದು ಬದುಕಿದರು.

ಅಷ್ಟರಲ್ಲಿ ವಿಮಾನ ಎರಡು ಯುದ್ಧ ನೋಡಿತ್ತು. 1983ರ ಅಕ್ಟೋಬರ್‌ನಲ್ಲಿ ಸೇವೆಗೆ ಸೇರಿದರೂ, 1988ರ ನವೆಂಬರ್ 10ರವರೆಗೆ ಅಂಥದ್ದೊಂದು ಇದೆ ಎಂದು ಅಮೆರಿಕ ಒಪ್ಪಿಕೊಳ್ಳಲಿಲ್ಲ. ಟೊನೊಪಾ ಎಂಬ ಮರುಭೂಮಿಯ ನೆಲೆಯಿಂದ ರಾತ್ರಿ ಮಾತ್ರ ಹಾರಾಟ. ವಾರವಿಡೀ ರಾತ್ರಿಪಾಳಿ, ವಾರಾಂತ್ಯ ಮನೆಯಲ್ಲಿ ಹಗಲಿನ ಬದುಕು. 1986 ಮತ್ತು 1987ರಲ್ಲಿ ಇಬ್ಬರು ಪೈಲಟ್‌ಗಳು ಕತ್ತಲಲ್ಲಿ ನೆಲಕ್ಕಪ್ಪಳಿಸಿ ಸತ್ತರು. ದಣಿವು ಮತ್ತು ದಿಕ್ಕುತಪ್ಪುವಿಕೆಯತ್ತ ಬೊಟ್ಟು ಮಾಡಿದವರು ಬಹಳ ಮಂದಿ. ಗುಟ್ಟು ಕಾಯುವ ಶಿಸ್ತಿಗೆ ಮನುಷ್ಯರು ತೆತ್ತ ಬೆಲೆ ಅದು. ಆ ಸಾವುಗಳ ಕಾರಣವನ್ನು ಅವರ ಊರಿನವರಿಗೂ ಹೇಳುವಂತಿರಲಿಲ್ಲ. 1989ರ ಡಿಸೆಂಬರ್‌ನಲ್ಲಿ ಪನಾಮಾದ ರಿಯೊ ಹಾಟೊದಲ್ಲಿ ಮೊದಲ ಬಾರಿಗೆ ಬಾಂಬ್ ಹಾಕಿದರು. ಅದು ಗುರಿಯ ಗೊಂದಲದಲ್ಲಿ ಮುಗಿದ ಸಣ್ಣ ಕಾರ್ಯಾಚರಣೆ. ಅದರಿಂದ ಕಲಿಯಲು ಹೆಚ್ಚೇನೂ ಇಲ್ಲ.

1991ರ ಇರಾಕ್ ಯುದ್ಧ ಹಾಗಲ್ಲ. ಸೌದಿ ಅರೇಬಿಯಾದ ನೈಋತ್ಯ ಗುಡ್ಡಗಾಡಿನ ಖಮೀಸ್ ಮುಶೈತ್ ನೆಲೆಯಿಂದ ಬಾಗ್ದಾದ್‌ಗೆ ಹೋಗಿ ಬರಲು ಐದು ಗಂಟೆಗೂ ಹೆಚ್ಚು ಬೇಕು, ದಾರಿಯಲ್ಲಿ ಹಲವು ಬಾರಿ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಳ್ಳಬೇಕು. ಜನವರಿ 17ರ ನಸುಕಿನ 2.51ಕ್ಕೆ ನುಖೈಬ್‌ನ ವಾಯುರಕ್ಷಣಾ ಕೇಂದ್ರಕ್ಕೆ ಬಾಂಬ್ ಬಿತ್ತು, 3 ಗಂಟೆಗೆ ಬಾಗ್ದಾದ್‌ನ ಟೆಲಿಫೋನ್ ಕೇಂದ್ರಕ್ಕೆ. ಒಂದು ವಿಮಾನದ ಹೊಟ್ಟೆಯಲ್ಲಿ ಜಿಬಿಯು-27 ಎಂಬ 900 ಕೆ.ಜಿ. ದರ್ಜೆಯ ಎರಡೇ ಬಾಂಬ್. ಪೈಲಟ್ ಒಬ್ಬನೇ, ಅವನು ಇನ್‌ಫ್ರಾರೆಡ್ ಪರದೆಯಲ್ಲಿ ಗುರಿ ಹುಡುಕಿ, ಬಾಂಬ್ ಬಿಟ್ಟು, ಅದು ಬೀಳುವ ತನಕ ಲೇಸರ್ ಚುಕ್ಕೆಯನ್ನು ಅದೇ ಜಾಗದ ಮೇಲೆ ಹಿಡಿದಿಟ್ಟುಕೊಳ್ಳಬೇಕು.

ದಾರಿಯನ್ನು ನೆಲದ ಮೇಲೆ ಕಂಪ್ಯೂಟರ್ ಮೊದಲೇ ಬರೆದಿರುತ್ತಿತ್ತು. ಯಾವ ರಾಡಾರ್‌ಗೆ ಎಷ್ಟು ದೂರದಿಂದ ಯಾವ ಮಗ್ಗುಲನ್ನು ತೋರಿಸಬೇಕು, ಎಲ್ಲಿ ತಿರುಗಬೇಕು ಎಂಬುದೆಲ್ಲ ಅದರಲ್ಲಿ. ತಿರುಗುವ ಜಾಗ ಬಹಳ ಮುಖ್ಯ: ವಾಲಿದಾಗ ಚಪ್ಪಟೆ ಹೊಟ್ಟೆ ಪಕ್ಕದ ರಾಡಾರ್‌ಗೆ ನೇರವಾಗಿ ಎದುರಾಗುತ್ತದೆ. ಬಾಂಬ್ ಬಾಗಿಲು ತೆರೆದ ಸೆಕೆಂಡ್‌ಗಳಲ್ಲೂ ಹಾಗೇ, ಅಷ್ಟು ಹೊತ್ತು ಅದು ಸ್ಟೆಲ್ತ್ ವಿಮಾನವಲ್ಲ. ಅಮೆರಿಕ ಇರಾಕಿ ರಾಡಾರ್‌ಗಳನ್ನು ಕೆಣಕಲು ಡ್ರೋನ್‌ಗಳನ್ನೂ ಹುಸಿಗುರಿಗಳನ್ನೂ ಕಳಿಸಿತ್ತು, ಹೆಲಿಕಾಪ್ಟರ್‌ಗಳು ಗಡಿಯ ರಾಡಾರ್‌ಗಳನ್ನು ಮೊದಲೇ ಒಡೆದಿದ್ದವು, ಶತ್ರು ರಾಡಾರ್‌ಗಳನ್ನು ಗದ್ದಲದ ಅಲೆಗಳಿಂದ ಕುರುಡಾಗಿಸುವ ಜ್ಯಾಮಿಂಗ್ ವಿಮಾನಗಳೂ ಇದ್ದವು. ಸುತ್ತಲ ಈ ಗದ್ದಲವನ್ನು ಬಿಟ್ಟು ಎಫ್-117ರ ಯಶಸ್ಸನ್ನು ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಯುದ್ಧ ಮುಗಿಯುವ ಹೊತ್ತಿಗೆ 42 ವಿಮಾನಗಳು 1,300ಕ್ಕೆ ಹತ್ತಿರದಷ್ಟು ಬಾರಿ ಕಾರ್ಯಾಚರಣೆಗೆ ಹಾರಿದ್ದವು. ಒಂದಕ್ಕೂ ಗುಂಡು ತಾಗಲಿಲ್ಲ.

ಬಾಂಬ್‌ಗಳಲ್ಲಿ ಶೇ. 80 ಗುರಿ ಮುಟ್ಟಿದವು ಎಂದು ಆಗ ಘೋಷಿಸಿದರು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 1997ರಲ್ಲಿ ದಾಖಲೆಗಳನ್ನು ತೆಗೆದು ನೋಡಿ, ಆ ಪ್ರಮಾಣ ಶೇ. 41ರಿಂದ 60ರ ನಡುವೆ ಎಂದಿತು. ಇದರ ಹಿಂದಿನ ದೊಡ್ಡ ಕಾರಣ ಮೋಡ. ಲೇಸರ್‌ಗೂ ಇನ್‌ಫ್ರಾರೆಡ್‌ಗೂ ಮೋಡ, ಹೊಗೆ, ತೇವ ತಡೆಗೋಡೆ. ರಾಡಾರ್‌ನಿಂದ ತಪ್ಪಿಸಿಕೊಂಡ ವಿಮಾನ ಹವಾಮಾನದಿಂದ ತಪ್ಪಿಸಿಕೊಳ್ಳಲಾರದೆ ಎಷ್ಟೋ ರಾತ್ರಿ ಬಾಂಬ್ ಹೊತ್ತೇ ಮರಳಿತು.

ಇನ್ನು ಬಾಂಬ್ ನಿಖರವಾಗಿ ಬಿದ್ದ ರಾತ್ರಿಯ ಮಾತು. 1991ರ ಫೆಬ್ರವರಿ 13ರಂದು ಬಾಗ್ದಾದ್‌ನ ಅಮೀರಿಯಾ ಆಶ್ರಯಕೇಂದ್ರದ ಕಾಂಕ್ರೀಟ್ ಚಾವಣಿಯನ್ನು ಎಫ್-117ಗಳ ಎರಡು ಬಾಂಬ್‌ಗಳು ಇಟ್ಟ ಗುರಿಗೆ ಸರಿಯಾಗಿ ಭೇದಿಸಿದವು. ಒಳಗೆ ಮಲಗಿದ್ದ 400ಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅದನ್ನು ಸೇನಾ ಕಮಾಂಡ್ ಕೇಂದ್ರ ಎಂದು ನಂಬಿ ಪಟ್ಟಿಗೆ ಸೇರಿಸಿದ್ದರು. ಯಂತ್ರ ಎಲ್ಲಿಯೂ ತಪ್ಪಲಿಲ್ಲ. ಒಳಗೆ ಯಾರಿದ್ದಾರೆ ಎಂಬ ಅರಿವು ತಪ್ಪಿತ್ತು, ಅದನ್ನು ತಿದ್ದುವ ಸಾಧನ ವಿಮಾನದಲ್ಲಿರಲಿಲ್ಲ. ಸ್ಟೆಲ್ತ್ ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ರಾತ್ರಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅದೇ ಯುದ್ಧ, ಅದೇ ವಿಮಾನ, ಅದೇ ಬಾಂಬ್.

ಈಗ 1999ರ ಮಾರ್ಚ್ 27. ನೇಟೊ ಯುಗೋಸ್ಲಾವಿಯಾದ ಮೇಲೆ ದಾಳಿ ಶುರು ಮಾಡಿದ ನಾಲ್ಕನೇ ರಾತ್ರಿ. ಇಟಲಿಯ ಅವಿಯಾನೊದಿಂದ ಹೊರಟು ಬೆಲ್‌ಗ್ರೇಡ್ ಬಳಿ ಬಾಂಬ್ ಹಾಕಿ ಮರಳುತ್ತಿದ್ದ ಪೈಲಟ್ ಡೇಲ್ ಝೆಲ್ಕೊ ಅವರ ಎಫ್-117 ಅನ್ನು, ಯುಗೋಸ್ಲಾವ್ ಸೇನೆಯ ಝೋಲ್ಟಾನ್ ದಾನಿ ಅವರ ಕ್ಷಿಪಣಿ ತುಕಡಿ ಬುಜಾನೊವ್ಚಿ ಎಂಬ ಹಳ್ಳಿಯ ಬಳಿ ಕೆಡವಿತು. ಆಯುಧ ಎಸ್-125 ನೆವಾ, 1960ರ ದಶಕದ ಸೋವಿಯತ್ ಕ್ಷಿಪಣಿ. ಪೆಚೋರಾ ಎಂಬ ಹೆಸರಿನಲ್ಲಿ ನಮ್ಮ ವಾಯುಪಡೆಯಲ್ಲೂ ದಶಕಗಳಿಂದ ಇರುವುದು ಇದೇ.

ಇದರಲ್ಲಿ ಭೌತವಿಜ್ಞಾನದ ಪಾಲು ಎಷ್ಟು ಎಂದು ನೋಡೋಣ. ದಾನಿ ಬಳಿ ಪಿ-18 ಎಂಬ ಹಳೆಯ ಕಾವಲು ರಾಡಾರ್ ಇತ್ತು. ಅದರ ಅಲೆ ಸುಮಾರು 2 ಮೀಟರ್ ಉದ್ದ. ಚಪ್ಪಟೆ ಫಲಕದ ಕನ್ನಡಿಯಾಟ ನಡೆಯುವುದು ಫಲಕ ಅಲೆಗಿಂತ ಬಹಳ ದೊಡ್ಡದಿದ್ದಾಗ. 3 ಸೆಂಟಿಮೀಟರ್ ಅಲೆಗೆ ಎಫ್-117ರ ಬಾಲ ನೂರು ಅಲೆಯಷ್ಟು ದೊಡ್ಡದು. 2 ಮೀಟರ್ ಅಲೆಗೆ ಒಂದೆರಡು ಅಲೆಯಷ್ಟು. ಅಲ್ಲಿ ಫಲಕ ಯಾವ ಕೋನಕ್ಕೆ ವಾಲಿದೆ ಎಂಬುದಕ್ಕೆ ಅರ್ಥವಿಲ್ಲ, ಇಡೀ ತುಂಡು ಅಲೆಯೊಂದಿಗೆ ಅನುರಣಿಸಿ ಎಲ್ಲ ಕಡೆ ಚೆಲ್ಲುತ್ತದೆ. ಗರಗಸದ ಹಲ್ಲುಗಳು ಆ ಅಲೆಗೆ ಗೊತ್ತೇ ಆಗುವುದಿಲ್ಲ. ಹೀರುವ ಲೇಪವೂ ಅಷ್ಟೇ: ಸರಳ ಬಗೆಯ ಲೇಪಕ್ಕೆ ಅಲೆಯ ಕಾಲು ಭಾಗದಷ್ಟು ದಪ್ಪ ಬೇಕು. 3 ಸೆಂಟಿಮೀಟರ್ ಅಲೆಗೆ ಅದು ಏಳೂವರೆ ಮಿಲಿಮೀಟರ್, 2 ಮೀಟರ್ ಅಲೆಗೆ ಅರ್ಧ ಮೀಟರ್. ಅಷ್ಟು ದಪ್ಪ ಹೊದ್ದು ಯಾವ ವಿಮಾನವೂ ಹಾರದು.

ಹಾಗಾದರೆ ಎಲ್ಲರೂ 2 ಮೀಟರ್ ರಾಡಾರ್ ಇಟ್ಟುಕೊಂಡರಾಯಿತಲ್ಲ? ಆಗುವುದಿಲ್ಲ. ಅಲೆ ಉದ್ದವಾದಷ್ಟು ಕಿರಣ ಅಗಲ. 6 ಡಿಗ್ರಿ ಅಗಲದ ಕಿರಣ 20 ಕಿ.ಮೀ. ದೂರದಲ್ಲಿ 2 ಕಿ.ಮೀ. ಹರಡಿರುತ್ತದೆ. ಎತ್ತರವನ್ನಂತೂ ಪಿ-18 ಹೇಳುವುದೇ ಇಲ್ಲ. ಆ ಕಡೆ ಏನೋ ಇದೆ ಎಂದು ಅದು ತೋರಿಸಬಲ್ಲದು, ಕ್ಷಿಪಣಿಯನ್ನು ಕೈಹಿಡಿದು ನಡೆಸಲಾರದು. ಅದಕ್ಕೆ ಸಣ್ಣ ಅಲೆಯ ಗುರಿಹಿಡಿಯುವ ರಾಡಾರ್ ಬೇಕು, ಎಫ್-117 ಹುಟ್ಟಿದ್ದೇ ಅದನ್ನು ಸೋಲಿಸಲು. ದಾನಿಯ ತಂಡ ಪಿ-18ರ ಸುಳಿವು ಹಿಡಿದು, ಸುಮಾರು 13 ಕಿ.ಮೀ. ಹತ್ತಿರ ಬರುವ ತನಕ ಕಾದು, ಆಮೇಲೆ ಗುರಿಹಿಡಿಯುವ ರಾಡಾರನ್ನು ಹಚ್ಚಿತು. ಲೆಕ್ಕದ ಆ ಚಿಕ್ಕ ವೃತ್ತದೊಳಗೆ ವಿಮಾನ ತಾನಾಗಿ ಬಂದಿತ್ತು.

ಉಳಿದದ್ದು ಅಭ್ಯಾಸದ ಮಾತು, ಎರಡೂ ಕಡೆಯದು. ಗುರಿಹಿಡಿಯುವ ರಾಡಾರ್ ಹೆಚ್ಚು ಹೊತ್ತು ಉರಿದರೆ ನೇಟೊದ ಹಾರ್ಮ್ ಕ್ಷಿಪಣಿ ಅದರ ಸೂಸುವಿಕೆಯನ್ನೇ ಹಿಡಿದು ಬಂದು ಬೀಳುತ್ತದೆ. ಅದಕ್ಕೆ ದಾನಿ ತಮ್ಮವರಿಗೆ ಕಟ್ಟುನಿಟ್ಟು ಮಾಡಿದ್ದರು: 20 ಸೆಕೆಂಡ್‌ಗಿಂತ ಹೆಚ್ಚು ಹಚ್ಚುವಂತಿಲ್ಲ, ಜಾಗ ಬದಲಿಸುತ್ತಲೇ ಇರಬೇಕು. ಇಂಥ ಭಾರದ ಸಾಮಗ್ರಿಯನ್ನು ಬಿಚ್ಚಿ, ಲಾರಿಗೇರಿಸಿ, ಬೇರೆಡೆ ಮತ್ತೆ ಜೋಡಿಸುವುದನ್ನು ಅವರು ಕತ್ತಲಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ್ದರು. ಹಳೆಯ ಮಿಗ್-21ಗಳ ರಾಡಾರ್‌ಗಳನ್ನು ಹುಸಿಗುರಿಗಳಾಗಿ ದೂರದಲ್ಲಿ ಇಟ್ಟಿದ್ದರು. ಆ ರಾತ್ರಿ ಎರಡು ಬಾರಿ ಹಚ್ಚಿದರೂ ಗುರಿ ಸಿಗಲಿಲ್ಲ. ಜ್ಯಾಮಿಂಗ್ ವಿಮಾನಗಳು ಹತ್ತಿರವಿಲ್ಲ ಎಂಬ ಸುದ್ದಿ ಇದ್ದುದರಿಂದ ತಮ್ಮದೇ ನಿಯಮ ಮೀರಿ ಮೂರನೇ ಬಾರಿ ಹಚ್ಚಿಸಿದೆ ಎಂದು ದಾನಿ ನಂತರ ಹೇಳಿದ್ದಾರೆ. ಎರಡು ಕ್ಷಿಪಣಿ ಹೊರಟವು. ಒಂದು ಪಕ್ಕದಲ್ಲೇ ಹಾದುಹೋಯಿತು, ಇನ್ನೊಂದು ಸಮೀಪದಲ್ಲಿ ಸಿಡಿಯಿತು. ಝೆಲ್ಕೊ ಜಿಗಿದು, ಒಂದು ಕಾಲುವೆಯ ಮರೆಯಲ್ಲಿ ಅಡಗಿದ್ದು, ಸುಮಾರು ಎಂಟು ಗಂಟೆಗಳ ನಂತರ ಅಮೆರಿಕದ ಹೆಲಿಕಾಪ್ಟರ್ ಏರಿದರು.

ಇತ್ತ ಅಮೆರಿಕದವರು ರಾತ್ರಿಯಿಂದ ರಾತ್ರಿಗೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ವಿಮಾನ ಕಳಿಸುತ್ತಿದ್ದರು. ಅವಿಯಾನೊದ ಬೇಲಿಯ ಹೊರಗೆ ನಿಂತು ಯಾವ ವಿಮಾನ ಎಷ್ಟೊತ್ತಿಗೆ ಏರಿತು ಎಂದು ಯಾರು ಬೇಕಾದರೂ ನೋಡಬಹುದಿತ್ತು. ಎಂಟು ವರ್ಷದ ಹಿಂದೆ ಬಾಗ್ದಾದ್‌ನಲ್ಲಿ ಡ್ರೋನ್, ಜ್ಯಾಮರ್, ಹೆಲಿಕಾಪ್ಟರ್‌ಗಳ ಗದ್ದಲದ ನಡುವೆ ಹಾರಿದ ವಿಮಾನವನ್ನು ಇಲ್ಲಿ ಸಾಕಷ್ಟು ಬೆಂಬಲವಿಲ್ಲದೆ, ಗೊತ್ತಿರುವ ದಾರಿಯಲ್ಲಿ ಕಳಿಸಿದ್ದರು. 110 ಕಿ.ಮೀ. ಅಗಲದ ಬಯಲು ಇರುವುದು ಶತ್ರುವಿನ ರಾಡಾರ್ ಎಲ್ಲಿದೆ ಎಂದು ಗೊತ್ತಿದ್ದಾಗ ಮಾತ್ರ. ಪ್ರತಿದಿನ ಜಾಗ ಬದಲಿಸುವ ರಾಡಾರನ್ನು ನಿನ್ನೆಯ ನಕ್ಷೆಯಲ್ಲಿ ಹುಡುಕಿದರೆ ದಾರಿ ನೇರವಾಗಿ ಅದರ ತಲೆಯ ಮೇಲೆ ಹೋಗಬಹುದು. ದಾನಿಯ ಗೆಲುವಿನಲ್ಲಿ ಉದ್ದ ಅಲೆಗಿಂತ ಲಾರಿಗಳ ಪಾಲು ಹೆಚ್ಚು ಎಂದೇ ನನ್ನ ಅಭಿಪ್ರಾಯ.

ಎಫ್-117 ಅನ್ನು 2008ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ನಿವೃತ್ತಿ ಮಾಡಿದರು. ಅದೇ ವರ್ಷದ ಫೆಬ್ರವರಿ 23ರಂದು ಗುವಾಮ್ ದ್ವೀಪದಲ್ಲಿ ಒಂದು ಬಿ-2 ಟೇಕಾಫ್‌ನಲ್ಲೇ ಬಿತ್ತು. ಗಾಳಿಯ ಒತ್ತಡ ಅಳೆಯುವ ಸಂವೇದಕಗಳಲ್ಲಿ ಮೂರಕ್ಕೆ ತೇವ ಹೊಕ್ಕು ಕಂಪ್ಯೂಟರ್ ತಪ್ಪು ವೇಗ ಓದಿತ್ತು. ಸ್ಟೆಲ್ತ್‌ಗಾಗಿ ಮೈಗೆ ಸಮನಾಗಿ ಹುದುಗಿಸಿದ ಸಂವೇದಕಗಳು ಅವು. ನೂರು ಕೋಟಿ ಡಾಲರ್‌ಗೂ ಮಿಕ್ಕಿದ ವಿಮಾನ ಉಷ್ಣವಲಯದ ಮಳೆಯ ತೇವಕ್ಕೆ ಬಲಿಯಾಯಿತು.

ಮಳೆಯ ಮಾತು ನಮಗೆ ಹತ್ತಿರದ್ದು. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸುತ್ತಿರುವ ಆಮ್ಕಾ ಎಂಬ ಸ್ಟೆಲ್ತ್ ಯುದ್ಧವಿಮಾನದ ಮಾದರಿಗಳಿಗೆ ಕೇಂದ್ರ ಸಂಪುಟ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿ ಮಂಜೂರು ಮಾಡಿದೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದರ ಪೂರ್ಣ ಗಾತ್ರದ ಪ್ರತಿಕೃತಿ ನೋಡಲು ಜನ ಮುಗಿಬಿದ್ದರು. 25 ಟನ್ ದರ್ಜೆ, ಎರಡು ಎಂಜಿನ್, ಹೊಟ್ಟೆಯೊಳಗೆ ಒಂದೂವರೆ ಟನ್ ಆಯುಧ, ಎಂಜಿನ್ ಫ್ಯಾನ್ ಹೊರಗೆ ಕಾಣದಂತೆ ಹಾವಿನಂತೆ ತಿರುಚಿದ ಗಾಳಿ ಕೊಳವೆ. ಎಫ್-117ಕ್ಕೆ ಜಾಲರಿ ಮಾಡಿದ ಕೆಲಸವನ್ನು ಇಲ್ಲಿ ಈ ತಿರುವು ಮಾಡುತ್ತದೆ, ಮಂಜುಗಡ್ಡೆಯ ಕಾಟವಿಲ್ಲದೆ.

ಟಿವಿ ಚರ್ಚೆಗಳಲ್ಲಿ ಅದರ ವೇಗ, ಎಂಜಿನ್, ಕ್ಷಿಪಣಿಗಳ ಮಾತು ಸಾಕಷ್ಟು ಬರುತ್ತದೆ. ಹ್ಯಾಂಗರ್‌ಗಳ ಮಾತು ಬರುವುದಿಲ್ಲ. 2025ರ ಜೂನ್ 14ರಂದು ತಿರುವನಂತಪುರದಲ್ಲಿ ತುರ್ತಾಗಿ ಇಳಿದ ಬ್ರಿಟನ್ನಿನ ಎಫ್-35ಬಿ ಸ್ಟೆಲ್ತ್ ವಿಮಾನ ಹೈಡ್ರಾಲಿಕ್ ದೋಷದಿಂದ ಅಲ್ಲೇ ಉಳಿಯಿತು. ಕೇರಳದ ಮಳೆಯಲ್ಲಿ ವಾರಗಟ್ಟಲೆ ಬಯಲಲ್ಲಿ ನಿಂತು, ಬ್ರಿಟನ್ನಿನಿಂದ ಎಂಜಿನಿಯರ್‌ಗಳು ಬಂದ ಮೇಲೆ ಹ್ಯಾಂಗರ್ ಸೇರಿ, ಜುಲೈ 22ರಂದು ಹಾರಿತು. ಆಮ್ಕಾ ಸೇವೆಗೆ ಬರುವ ಹೊತ್ತಿಗೆ ಅದು ನಿಲ್ಲುವ ಪ್ರತಿ ನೆಲೆಯಲ್ಲೂ ತೇವ ಮತ್ತು ತಾಪ ಹಿಡಿತದಲ್ಲಿರುವ ಹ್ಯಾಂಗರ್ ಬೇಕು. ಪ್ಯಾನೆಲ್ ಬಿಚ್ಚಿ ಮುಚ್ಚಿದ ಮೇಲೆ ಮೈಯ ಪ್ರತಿಫಲನವನ್ನು ಅಲ್ಲೇ ಅಳೆದು ಸಹಿ ಹಾಕುವ ಸಾಧನ ಬೇಕು, ಅದನ್ನು ಓದಬಲ್ಲ ತಂತ್ರಜ್ಞರು ಬೇಕು. ಅಂಥ ತಂತ್ರಜ್ಞರನ್ನು ತಯಾರು ಮಾಡಲು ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಅವರ ತರಬೇತಿ ಮೊದಲ ಮಾದರಿ ಹಾರುವುದಕ್ಕೂ ಮುಂಚೆಯೇ ಶುರುವಾಗಬೇಕು.